ನಡೆಯದೇ ಹೋದ ಅಧಿವೇಶನ: ಎಸ್. ಆರ್. ಬೊಮ್ಮಾಯಿ ಮತ್ತು ಸದನದ ಮಾತು



ಹಿರಿಯ ಶಾಸಕರೊಬ್ಬರ ಸಂಸದೀಯ ಜೀವನವನ್ನು ಅಳೆಯಲು ಕೆಲವು ರೂಢಿಯ ಮಾನದಂಡಗಳಿವೆ. ಎಷ್ಟು ಬಾರಿ ಗೆದ್ದರು, ಪ್ರಶ್ನೋತ್ತರ ವೇಳೆಯಲ್ಲಿ ಎಷ್ಟು ಪ್ರಶ್ನೆ ಕೇಳಿದರು, ಮುಂಗಡಪತ್ರದ ಮೇಲೆ ಎಷ್ಟು ಹೊತ್ತು ಮಾತನಾಡಿದರು, ಯಾವ ಖಾತೆ ನಿರ್ವಹಿಸಿದರು ಎಂದು ಲೆಕ್ಕ ಹಾಕುತ್ತಾರೆ. ವಿಧಾನ ಮಂಡಲದ ಕಲಾಪಗಳ ವರದಿ ಸಂಪುಟಗಳನ್ನು ತೆರೆದು ಕುಳಿತರೆ ಈ ಲೆಕ್ಕ ಸಿಕ್ಕೀತು. ಆದರೆ ಮಾಜಿ ಮುಖ್ಯಮಂತ್ರಿ ಸೋಮಪ್ಪ ರಾಯಪ್ಪ ಬೊಮ್ಮಾಯಿಯವರ ವಿಷಯದಲ್ಲಿ ಈ ಮಾನದಂಡ ಅರ್ಧ ದಾರಿಗೇ ನಿಂತುಬಿಡುತ್ತದೆ. ಭಾರತದ ಸಂಸದೀಯ ವ್ಯವಸ್ಥೆಯಲ್ಲಿ ಅವರ ಹೆಸರು ಉಳಿದಿರುವುದು ಅವರು ಸದನದಲ್ಲಿ ಆಡಿದ ಯಾವ ಭಾಷಣದಿಂದಲೂ ಅಲ್ಲ; ಆಡಬೇಕೆಂದು ಹೊರಟು, ಆಡಲು ಅವಕಾಶವೇ ಸಿಗದೇ ಹೋದ ಮಾತಿನಿಂದ. 1989ರ ಏಪ್ರಿಲ್ 27ರಂದು ಬೆಂಗಳೂರಿನ ವಿಧಾನಸೌಧದಲ್ಲಿ ಸೇರಬೇಕಾಗಿದ್ದ ವಿಧಾನಸಭೆ ಸೇರಲಿಲ್ಲ. ಆ ಸೇರದ ಸಭೆಯ ಕಥೆಯೇ ಈ ಉಪನ್ಯಾಸದ ವಸ್ತು.

ಮೊದಲು ಊರಿನ ಮಾತು. ಇಂದಿನ ಹಾವೇರಿ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್‌ನಲ್ಲಿ. ಅದಕ್ಕೆ ಮೊದಲು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಲ್ಲವೂ ಅಖಂಡ ಧಾರವಾಡ ಜಿಲ್ಲೆಯ ತಾಲ್ಲೂಕುಗಳು. 1956ರ ನವೆಂಬರ್‌ಗೆ ಮೊದಲು ಇವು ಮುಂಬಯಿ ರಾಜ್ಯದವು. ಇಲ್ಲಿಯ ಪ್ರತಿನಿಧಿಗಳು ತಮ್ಮ ಅಹವಾಲು ಹೇಳಲು ಮುಂಬಯಿಗೆ ಹೋಗಬೇಕಿತ್ತು. ಸವಣೂರಿನ ಸ್ಥಿತಿ ಇನ್ನೂ ಬೇರೆ. 1948ರಲ್ಲಿ ವಿಲೀನವಾಗುವವರೆಗೆ ಅದು ನವಾಬರ ಸಂಸ್ಥಾನ. ಅಲ್ಲಿ ಪ್ರಜೆ ದರ್ಬಾರಿಗೆ ಅರ್ಜಿ ಹಾಕಿಕೊಳ್ಳಬಹುದಿತ್ತೇ ಹೊರತು, ಎದ್ದು ನಿಂತು ಸರ್ಕಾರವನ್ನು ಕೆಳಗಿಳಿಸುತ್ತೇನೆ ಎನ್ನುವಂತಿರಲಿಲ್ಲ. ಅರ್ಜಿಗೂ ಮತಕ್ಕೂ ಇರುವ ಈ ಅಂತರವನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಬರುವ ರಾಜಭವನದ ಪ್ರಸಂಗದಲ್ಲಿ ಅದು ಮತ್ತೆ ಎದುರಾಗುತ್ತದೆ.

ಈ ಶಿಗ್ಗಾವಿ–ಸವಣೂರು ಸೀಮೆಯ ಕಾರಡಗಿಯಲ್ಲಿ 1924ರ ಜೂನ್ 6ರಂದು ಬೊಮ್ಮಾಯಿ ಜನಿಸಿದರು. ಕಾನೂನು ಓದಿ ಹುಬ್ಬಳ್ಳಿಯಲ್ಲಿ ವಕೀಲಿಕೆ ನಡೆಸಿದರು. ಕರ್ನಾಟಕ ಏಕೀಕರಣದ ಚಳವಳಿಯಲ್ಲಿ ಭಾಗವಹಿಸಿದರು. ಅವರ ಚಿಂತನೆಯನ್ನು ತಿದ್ದಿದ್ದು ಎಂ. ಎನ್. ರಾಯ್ ಅವರ ನವಮಾನವತಾವಾದ. ಮೆಕ್ಸಿಕೋ, ಮಾಸ್ಕೋ ಎಂದು ಜಗತ್ತು ಸುತ್ತಿ, ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನಲ್ಲಿ ಲೆನಿನ್ ಎದುರು ವಾದ ಮಂಡಿಸಿ ಬಂದ ರಾಯ್, ಕೊನೆಗೆ ಪಕ್ಷ ರಾಜಕೀಯದಲ್ಲೇ ನಂಬಿಕೆ ಕಳೆದುಕೊಂಡು 1948ರಲ್ಲಿ ತಮ್ಮ ಪಕ್ಷವನ್ನು ತಾವೇ ವಿಸರ್ಜಿಸಿದವರು. ಅಂಥವರ ಅನುಯಾಯಿಯೊಬ್ಬರು ಮುಂದೆ ಜನತಾದಳದಂಥ ಸದಾ ಒಡೆಯುವ, ಸದಾ ಕೂಡುವ ಪಕ್ಷಕ್ಕೆ ರಾಷ್ಟ್ರೀಯ ಅಧ್ಯಕ್ಷರಾದದ್ದು ರಾಜಕೀಯದ ವಿನೋದಗಳಲ್ಲೊಂದು. ಆದರೆ ಘೋಷಣೆಗಿಂತ ತರ್ಕ ದೊಡ್ಡದು, ವ್ಯಕ್ತಿಯ ಅಭಿಪ್ರಾಯ ಬಹಿರಂಗ ಚರ್ಚೆಯಲ್ಲಿ ಪರೀಕ್ಷೆಗೆ ಒಳಗಾಗಬೇಕು ಎಂಬ ರಾಯ್ ಪಂಥದ ಪಾಠ ಬೊಮ್ಮಾಯಿಯವರಲ್ಲಿ ನಿಂತಿತು ಎನ್ನಬೇಕು. ವಕೀಲಿಕೆಯ ಶಿಸ್ತೂ ಅದಕ್ಕೆ ಕೂಡಿಬಂದಿತು.

ಅವರು ವಿಧಾನಸಭೆ ಪ್ರವೇಶಿಸಿದ್ದು 1967ರಲ್ಲಿ, ಕುಂದಗೋಳದಿಂದ, ಪಕ್ಷೇತರರಾಗಿ. ಆ ಚುನಾವಣೆಯ ಒಂದು ಸ್ವಾರಸ್ಯ ಹೇಳದೆ ಮುಂದೆ ಹೋಗುವಂತಿಲ್ಲ. ಶಿಗ್ಗಾವಿ ಸೀಮೆಯ ಮಗ ಪಕ್ಕದ ಕುಂದಗೋಳಕ್ಕೆ ಹೋಗಿ ಗೆದ್ದರೆ, ಶಿಗ್ಗಾವಿಗೆ ಹೊರಗಿನಿಂದ ಬಂದು ನಿಂತು ಗೆದ್ದವರು ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿ ಬೆಳೆದ ನಿಜಲಿಂಗಪ್ಪನವರು 1962ರಲ್ಲಿ ಹೊಸದುರ್ಗದಲ್ಲಿ ಸೋತು, ಬಾಗಲಕೋಟೆಯಿಂದ ಸದನಕ್ಕೆ ಬಂದಿದ್ದರು. 1967ರಲ್ಲಿ ಅವರಿಗೆ ಆಸರೆಯಾದದ್ದು ಶಿಗ್ಗಾವಿ. ಮಹಾರಾಷ್ಟ್ರದೊಂದಿಗಿನ ಗಡಿ ವಿವಾದ ಕುರಿತ ಮಹಾಜನ ಆಯೋಗ ಅದೇ ವರ್ಷ ವರದಿ ಒಪ್ಪಿಸಿದಾಗ ರಾಜ್ಯದ ಮುಖ್ಯಮಂತ್ರಿ ಶಿಗ್ಗಾವಿಯ ಶಾಸಕರು. ಅವರೆದುರು ಅದೇ ಸದನದಲ್ಲಿ ಅದೇ ಸೀಮೆಯ ಹೊಸ ಪಕ್ಷೇತರ ಶಾಸಕ. ಏಕೀಕರಣಕ್ಕಾಗಿ ದುಡಿದ ಹಿರಿಯರೊಬ್ಬರು ಆಡಳಿತದ ಸಾಲಿನಲ್ಲಿ, ಅದೇ ಚಳವಳಿಯಿಂದ ಬಂದ ಕಿರಿಯರೊಬ್ಬರು ಎದುರಿನ ಸಾಲಿನಲ್ಲಿ ಎಂಬ ಚಿತ್ರ ಆ ಕಾಲದ ವಿಧಾನಸಭೆಯ ಸ್ವರೂಪವನ್ನೇ ಹೇಳುತ್ತದೆ.

ಮುಂದೆ ಬೊಮ್ಮಾಯಿ ವಿಧಾನ ಪರಿಷತ್ತಿನಲ್ಲೂ ಇದ್ದರು. 1978ರಿಂದ ಹುಬ್ಬಳ್ಳಿ ಗ್ರಾಮಾಂತರ ಅವರ ಕ್ಷೇತ್ರವಾಯಿತು. 1983, 1985ರಲ್ಲೂ ಅಲ್ಲಿಂದಲೇ ಗೆದ್ದರು. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ಕೈಗಾರಿಕಾ ಸಚಿವರಾದರು. ಇವೆಲ್ಲ ಅನೇಕ ಹಿರಿಯ ಶಾಸಕರ ಜೀವನಚಿತ್ರದಲ್ಲಿ ಇರುವ ಮೆಟ್ಟಿಲುಗಳೇ. ಇಲ್ಲಿಗೇ ನಿಂತಿದ್ದರೆ ಬೊಮ್ಮಾಯಿಯವರನ್ನು ಹುಬ್ಬಳ್ಳಿ, ಧಾರವಾಡ, ಹಾವೇರಿಗಳ ಹೊರಗೆ ನೆನೆಯುವವರು ಕಡಿಮೆಯಾಗುತ್ತಿದ್ದರು.

ಹೆಗಡೆಯವರ ಆ ಸರ್ಕಾರದ ಬಗ್ಗೆ ಒಂದು ಮಾತು ಅಗತ್ಯ. 1983ರಲ್ಲಿ ಅದಕ್ಕೆ ಸ್ವಂತ ಬಹುಮತವಿರಲಿಲ್ಲ. ಹೊರಗಿನವರ ಬೆಂಬಲ, ಪಕ್ಷೇತರರ ಬೆಂಬಲ ಬೇಕಿತ್ತು. ಆ ಚುನಾವಣೆಯಲ್ಲಿ ಹಾನಗಲ್ಲಿನಿಂದ ಪಕ್ಷೇತರರಾಗಿ ಗೆದ್ದುಬಂದವರು ಸಿ. ಎಂ. ಉದಾಸಿ. ಪ್ರತಿಯೊಂದು ಮತಕ್ಕೂ ಬೆಲೆ ಇರುವ ಸದನದಲ್ಲೇ ಅವರ ಶಾಸಕ ಜೀವನ ಆರಂಭವಾಯಿತು. 1985ರಲ್ಲಿ ಜನತಾ ಪಕ್ಷದಿಂದ, 1994ರಲ್ಲಿ ಜನತಾದಳದಿಂದ, 2004, 2008 ಮತ್ತು 2018ರಲ್ಲಿ ಬಿಜೆಪಿಯಿಂದ, ಒಟ್ಟು ಆರು ಬಾರಿ ಉದಾಸಿ ಗೆದ್ದರು. ನಡುವಿನ 1989, 1999, 2013ರ ಚುನಾವಣೆಗಳಲ್ಲಿ ಕಾಂಗ್ರೆಸ್ಸಿನ ಮನೋಹರ ತಹಸೀಲ್ದಾರರು ಗೆದ್ದರು. ಹಾನಗಲ್ಲಿನ ಮತದಾರರು ಇಬ್ಬರನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಲೇ ಇದ್ದರು. ಉದಾಸಿ 2021ರ ಜೂನ್‌ನಲ್ಲಿ ತೀರಿಕೊಳ್ಳುವವರೆಗೂ ಶಾಸಕರೇ ಆಗಿದ್ದರು.

1985ರ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಬಂದವು. ಆ ಸದನದ ಸಭಾಧ್ಯಕ್ಷ ಪೀಠಕ್ಕೆ ಏರಿದವರು ಹಿರೇಕೆರೂರಿನ ಬಿ. ಜಿ. ಬಣಕಾರ. 1985ರಿಂದ 1989ರವರೆಗೆ ಅವರೇ ಸಭಾಧ್ಯಕ್ಷರು. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ಗದ್ದಲದಲ್ಲಿ ಹೆಗಡೆ ರಾಜೀನಾಮೆ ನೀಡಿದರು. ಆಗಸ್ಟ್ 13ರಂದು ಬೊಮ್ಮಾಯಿ ಮುಖ್ಯಮಂತ್ರಿಯಾದರು. ಹೀಗೆ ಒಂದೇ ಕಾಲಕ್ಕೆ ಸಭಾನಾಯಕರು ಶಿಗ್ಗಾವಿ ಸೀಮೆಯವರು, ಸಭಾಧ್ಯಕ್ಷರು ಹಿರೇಕೆರೂರಿನವರು, ಸದನದಲ್ಲಿ ಹಾನಗಲ್ಲಿನ ಉದಾಸಿ. ರಾಜ್ಯದ ನಕ್ಷೆಯಲ್ಲಿ ಅಂಗೈಯಗಲದ ಈ ಪ್ರದೇಶಕ್ಕೆ ಅಂಥ ಕಾಲ ಹಿಂದೆ ಬಂದಿರಲಿಲ್ಲ.

ಆದರೆ ಆ ಸರ್ಕಾರ ಹೂವಿನ ಹಾಸಿಗೆಯ ಮೇಲೆ ಮಲಗಿರಲಿಲ್ಲ. ಅದೇ ವರ್ಷ ಜನತಾ ಪಕ್ಷವೂ ಲೋಕದಳದ ಒಂದು ಬಣವೂ ಕೂಡಿ ಜನತಾದಳವಾದವು. ಕೂಡಿದ ಪಕ್ಷದೊಳಗೆ ಮನಸ್ಸುಗಳು ಕೂಡಿರಲಿಲ್ಲ. ಭಿನ್ನಮತೀಯರ ಸಭೆಗಳು, ಪಟ್ಟಿಗಳು, ದೆಹಲಿ ಪ್ರಯಾಣಗಳು ನಿತ್ಯದ ಸುದ್ದಿಯಾದವು. 1989ರ ಏಪ್ರಿಲ್ 15ರಂದು ಬೊಮ್ಮಾಯಿ ಸಚಿವ ಸಂಪುಟವನ್ನು ವಿಸ್ತರಿಸಿ ಒಮ್ಮೆಲೇ 13 ಮಂದಿಯನ್ನು ಸೇರಿಸಿಕೊಂಡರು. ಅತೃಪ್ತಿಯನ್ನು ಕುರ್ಚಿಯಿಂದ ಶಮನ ಮಾಡುವ ಈ ಹಳೆಯ ಔಷಧ ರಾಯ್ ಪಂಥದವರಿಗೆ ಶೋಭಿಸುವಂಥದ್ದಲ್ಲ ಎಂದರೆ ತಪ್ಪಾಗದು. ಔಷಧ ಫಲಿಸಲೂ ಇಲ್ಲ. ಕುರ್ಚಿ ಸಿಕ್ಕವರಿಗಿಂತ ಸಿಗದವರೇ ಯಾವಾಗಲೂ ಹೆಚ್ಚು.

ಮುಂದಿನ ಆರು ದಿನಗಳನ್ನು ನಿಧಾನವಾಗಿ ನೋಡಬೇಕು. ಸುಪ್ರೀಂ ಕೋರ್ಟ್ ಕೂಡ ಹಾಗೆಯೇ ನೋಡಿತು. ಏಪ್ರಿಲ್ 17ರಂದು ಜನತಾದಳದ ಶಾಸಕ ಕೆ. ಆರ್. ಮೊಳಕೇರಿ ಪಕ್ಷ ತೊರೆದರು. ಸರ್ಕಾರಕ್ಕೆ ಕೊಟ್ಟ ಬೆಂಬಲ ಹಿಂತೆಗೆದುಕೊಂಡಿರುವುದಾಗಿ ಹೇಳುವ, ಶಾಸಕರ ಸಹಿ ಇದೆ ಎನ್ನಲಾದ 19 ಪತ್ರಗಳನ್ನು ತಮ್ಮ ಪತ್ರದೊಂದಿಗೆ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಕೊಟ್ಟರು. ಏಪ್ರಿಲ್ 19ರಂದು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ವರದಿ ಕಳಿಸಿದರು. ಬೊಮ್ಮಾಯಿ ಬಹುಮತ ಕಳೆದುಕೊಂಡಿದ್ದಾರೆ, ಬೇರೆ ಯಾವ ಪಕ್ಷವೂ ಸರ್ಕಾರ ರಚಿಸುವ ಸ್ಥಿತಿಯಲ್ಲಿಲ್ಲ, ಆದ್ದರಿಂದ ಸಂವಿಧಾನದ 356ನೇ ವಿಧಿಯಂತೆ ಕ್ರಮ ಕೈಗೊಳ್ಳಬೇಕು ಎಂಬುದು ಅದರ ಸಾರ. ವರದಿ ಕಳಿಸುವ ಮೊದಲು ಅವರು ಮುಖ್ಯಮಂತ್ರಿಯನ್ನು ಕರೆದು ಕೇಳಲಿಲ್ಲ.

ಏಪ್ರಿಲ್ 20ರಂದು ಚಿತ್ರ ಬದಲಾಯಿತು. ಆ 19 ಮಂದಿಯಲ್ಲಿ ಏಳು ಮಂದಿ ರಾಜ್ಯಪಾಲರಿಗೆ ಪತ್ರ ಬರೆದು, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆ, ತಮ್ಮ ಬೆಂಬಲ ಸರ್ಕಾರಕ್ಕೇ ಇದೆ ಎಂದರು. ಅದೇ ದಿನ ಸಚಿವ ಸಂಪುಟ ಸಭೆ ಸೇರಿ, ಒಂದು ವಾರದೊಳಗೆ, ಅಂದರೆ ಏಪ್ರಿಲ್ 27ಕ್ಕೆ ವಿಧಾನಸಭೆ ಕರೆದು ಬಹುಮತ ಸಾಬೀತು ಮಾಡಲು ನಿರ್ಧರಿಸಿತು. ಮುಖ್ಯಮಂತ್ರಿ ಮತ್ತು ಕಾನೂನು ಸಚಿವರು ರಾಜಭವನಕ್ಕೆ ಹೋಗಿ ಈ ನಿರ್ಧಾರ ತಿಳಿಸಿದರು. 27ರವರೆಗೆ ಕಾಯುವುದು ಬೇಡವೆಂದರೆ ಅಧಿವೇಶನವನ್ನು ಇನ್ನೂ ಮುಂಚಿತವಾಗಿ ಕರೆಯಲು ಸಿದ್ಧ ಎಂದೂ ಬೊಮ್ಮಾಯಿ ಹೇಳಿದರು. ರಾಜ್ಯಪಾಲರು ಅಂದೇ ಇನ್ನೊಂದು ವರದಿ ಕಳಿಸಿದರು. ಅಭಿಪ್ರಾಯ ಮಾತ್ರ ಹಳೆಯದೇ. ಏಪ್ರಿಲ್ 21ರಂದು ರಾಷ್ಟ್ರಪತಿಗಳ ಘೋಷಣೆ ಹೊರಬಿತ್ತು. ಸರ್ಕಾರ ವಜಾ ಆಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದುದು ಎಂಟು ತಿಂಗಳು ಎಂಟು ದಿನ.

ಇಲ್ಲಿ ಯಾರಾದರೂ ಕೇಳಬಹುದು: ಅಷ್ಟೊಂದು ಒಡಕಿದ್ದ ಪಕ್ಷದ ಸರ್ಕಾರ 27ರಂದು ಉಳಿಯುತ್ತಿತ್ತೆ? ಉಳಿಯದೆಯೂ ಹೋಗಬಹುದಿತ್ತು. ಬೊಮ್ಮಾಯಿಯವರ ವಾದದ ಬಲ ಇರುವುದೇ ಇಲ್ಲಿ. ತಮ್ಮ ಬಳಿ ಬಹುಮತ ಇದ್ದೇ ಇದೆ ಎಂದು ನಂಬಿಸಿ ಎಂದು ಅವರು ಯಾರನ್ನೂ ಕೇಳಲಿಲ್ಲ. ಇದೆಯೋ ಇಲ್ಲವೋ ಎಂಬುದನ್ನು ಎಲ್ಲಿ ನೋಡಬೇಕು ಎಂದಷ್ಟೇ ಕೇಳಿದರು. ಸಂವಿಧಾನದ 164ನೇ ವಿಧಿಯ ಪ್ರಕಾರ ಸಚಿವ ಸಂಪುಟ ಸಾಮೂಹಿಕವಾಗಿ ಹೊಣೆಯಾಗಿರುವುದು ವಿಧಾನಸಭೆಗೆ. ಆ ಹೊಣೆ ಮುಗಿದಿದೆ ಎಂದು ಹೇಳಬೇಕಾದವರೂ ವಿಧಾನಸಭೆಯವರೇ ಅಲ್ಲವೆ?

ಪತ್ರಕ್ಕೂ ಸದನದ ಮತಕ್ಕೂ ವ್ಯತ್ಯಾಸವೇನು ಎಂಬುದನ್ನು ಆ ಏಳು ಮಂದಿಯೇ ತೋರಿಸಿಕೊಟ್ಟರು. ಪತ್ರಕ್ಕೆ ಬಾಯಿಲ್ಲ. ಅದಕ್ಕೆ ಮರುಪ್ರಶ್ನೆ ಹಾಕುವಂತಿಲ್ಲ. ಯಾರು, ಎಲ್ಲಿ, ಯಾವ ಒತ್ತಾಯಕ್ಕೆ ಸಹಿ ಹಾಕಿದರು ಎಂಬುದು ಕಾಗದದ ಮೇಲೆ ಕಾಣುವುದಿಲ್ಲ. ಸದನದಲ್ಲಾದರೆ ಕಥೆ ಬೇರೆ. ವಿಶ್ವಾಸ ಮತದ ಗೊತ್ತುವಳಿ ಮಂಡನೆಯಾಗುತ್ತದೆ. ಮುಖ್ಯಮಂತ್ರಿ ತಮ್ಮ ಆಡಳಿತವನ್ನು ಸಮರ್ಥಿಸಿಕೊಳ್ಳಬೇಕು. ಬಿಟ್ಟುಹೋದವನು ಏಕೆ ಬಿಟ್ಟೆ ಎಂದು ತನ್ನ ಮತದಾರರ ಎದುರು ಹೇಳಬೇಕು, ಇಲ್ಲವೆ ಹೇಳದೆ ಕುಳಿತದ್ದು ಎಲ್ಲರಿಗೂ ಕಾಣಬೇಕು. ಕೊನೆಗೆ ವಿಭಜನೆ ಕೇಳಿದರೆ ಕರ್ನಾಟಕ ವಿಧಾನಸಭೆಯ ಪದ್ಧತಿಯಂತೆ ಸದಸ್ಯರು ಸಾಲು ಸಾಲಾಗಿ ಎದ್ದು ನಿಲ್ಲುತ್ತಾರೆ, ಸಿಬ್ಬಂದಿ ತಲೆ ಎಣಿಸುತ್ತಾರೆ. ಅಲ್ಲಿ ಸಹಿ ತನ್ನದಲ್ಲ ಎನ್ನಲು ಬರುವುದಿಲ್ಲ, ನಿಂತದ್ದು ನಿಂತಂತೆಯೇ. 1985ರಲ್ಲಿ ಬಂದಿದ್ದ ಪಕ್ಷಾಂತರ ನಿಷೇಧ ಕಾಯ್ದೆಯ ಕಣ್ಣೂ ಅಲ್ಲಿರುತ್ತದೆ. ಆ ಎಣಿಕೆ ನಡೆದಿದ್ದರೆ ಅದನ್ನು ಪ್ರಕಟಿಸಬೇಕಾಗಿದ್ದವರು ಸಭಾಧ್ಯಕ್ಷ ಬಣಕಾರರು. ಅವರ ಪೀಠಕ್ಕೆ ಆ ಸಂದರ್ಭವೇ ಬರಲಿಲ್ಲ. ರಾಜಭವನದ ಕೋಣೆಯಲ್ಲಿ ಹತ್ತೊಂಬತ್ತು ಕಾಗದಗಳು ಒಂದು ಇಡೀ ಸದನದ ಕೆಲಸ ಮಾಡಿ ಮುಗಿಸಿದ್ದವು.

ಹೀಗೆ ನಡೆದದ್ದು ಅದೇ ಮೊದಲಲ್ಲ ಎಂಬುದನ್ನೂ ಹೇಳಬೇಕು. 356ನೇ ವಿಧಿ ಬಳಕೆಗೆ ಬಾರದ ಅಕ್ಷರವಾಗಿ ಉಳಿಯಲಿ ಎಂದು ಸಂವಿಧಾನ ರಚನಾ ಸಭೆಯಲ್ಲಿ ಡಾ. ಅಂಬೇಡ್ಕರ್ 1949ರಲ್ಲಿ ಆಶಿಸಿದ್ದರು. 1994ರ ಹೊತ್ತಿಗೆ ಅದು ತೊಂಬತ್ತಕ್ಕೂ ಹೆಚ್ಚು ಬಾರಿ ಬಳಕೆಯಾಗಿತ್ತು. ಜನತಾ ಪರಿವಾರದ ಕೈಯೂ ಶುದ್ಧವಲ್ಲ. 1977ರಲ್ಲಿ ಕೇಂದ್ರದಲ್ಲಿ ಜನತಾ ಸರ್ಕಾರ ಬಂದೊಡನೆ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಕಿತ್ತುಹಾಕಿತು. 1980ರಲ್ಲಿ ಇಂದಿರಾ ಗಾಂಧಿ ಅದನ್ನೇ ತಿರುಗಿಸಿ ಮಾಡಿದರು. ಕರ್ನಾಟಕದಲ್ಲೇ 1977ರ ಡಿಸೆಂಬರ್ 31ರಂದು ದೇವರಾಜ ಅರಸು ಸರ್ಕಾರವನ್ನು, ಸದನದಲ್ಲಿ ಬಲಾಬಲ ಪರೀಕ್ಷೆಯಾಗುವ ಮೊದಲೇ, ವಜಾ ಮಾಡಲಾಗಿತ್ತು. ಎರಡು ತಿಂಗಳ ನಂತರದ ಚುನಾವಣೆಯಲ್ಲಿ ಅರಸು ಮತ್ತೆ ಗೆದ್ದು ಬಂದರು. ಅಂದು ಜನತಾ ಪಕ್ಷದವರಿಗೆ ಸರಿಯೆನಿಸಿದ ಕ್ರಮ 1989ರಲ್ಲಿ ಅವರ ಮನೆ ಬಾಗಿಲಿಗೇ ಬಂದಿತ್ತು. ಇನ್ನೊಂದು ವಿಪರ್ಯಾಸವೂ ಇದೆ. 1983ರ ಮಾರ್ಚ್‌ನಲ್ಲಿ ಹೆಗಡೆ ಬೆಂಗಳೂರಿನಲ್ಲಿ ದಕ್ಷಿಣ ರಾಜ್ಯಗಳ ಮುಖ್ಯಮಂತ್ರಿಗಳ ಸಭೆ ಕರೆದ ಕೆಲವೇ ದಿನಗಳಲ್ಲಿ ಕೇಂದ್ರ–ರಾಜ್ಯ ಸಂಬಂಧ ಕುರಿತ ಸರ್ಕಾರಿಯಾ ಆಯೋಗದ ರಚನೆ ಪ್ರಕಟವಾಗಿತ್ತು. ಬಹುಮತದ ಪ್ರಶ್ನೆಯನ್ನು ರಾಜ್ಯಪಾಲರು ಸದನದ ಹೊರಗೆ ತಾವೇ ತೀರ್ಮಾನಿಸಬಾರದು ಎಂದು ಆ ಆಯೋಗ ತನ್ನ ವರದಿಯಲ್ಲಿ ಹೇಳಿತು. ವರದಿ ಕೇಂದ್ರದ ಕೈಸೇರಿದ ಮೇಲೆಯೇ ಬೆಂಗಳೂರಿನ ಸರ್ಕಾರ ಆ ಸಲಹೆಗೆ ವಿರುದ್ಧವಾದ ರೀತಿಯಲ್ಲಿ ಉರುಳಿತು.

ಸಾಮಾನ್ಯವಾಗಿ ಅಧಿಕಾರ ಕಳೆದುಕೊಂಡ ಮುಖ್ಯಮಂತ್ರಿ ಜನರ ಬಳಿಗೆ ಹೋಗುತ್ತಾನೆ. ಸಭೆ ನಡೆಸುತ್ತಾನೆ, ಕಣ್ಣೀರಿಡುತ್ತಾನೆ. ಬೊಮ್ಮಾಯಿ ನ್ಯಾಯಾಲಯಕ್ಕೆ ಹೋದರು. ಏಪ್ರಿಲ್ 26ರಂದು, ಅಂದರೆ ಸದನ ಸೇರಬೇಕಾಗಿದ್ದ ಹಿಂದಿನ ದಿನ, ಕರ್ನಾಟಕ ಹೈಕೋರ್ಟಿನಲ್ಲಿ ರಿಟ್ ಅರ್ಜಿ ದಾಖಲಾಯಿತು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಜುಲೈ 6ರಂದು ಅರ್ಜಿಯನ್ನು ವಜಾ ಮಾಡಿತು. ಸದನದಲ್ಲಿ ಬಹುಮತ ಪರೀಕ್ಷೆ ಕಡ್ಡಾಯವೇನಲ್ಲ ಎಂಬುದು ಅದರ ನಿಲುವು. ನವೆಂಬರ್ ಚುನಾವಣೆಯಲ್ಲಿ ಜನರೂ ಕೈಬಿಟ್ಟರು. ಕಾಂಗ್ರೆಸ್ಸಿಗೆ 178 ಸ್ಥಾನ, ಜನತಾದಳಕ್ಕೆ ಕೇವಲ 24. ಇಷ್ಟಾದ ಮೇಲೆ ವ್ಯಾಜ್ಯ ಮುಂದುವರಿಸಿ ಸಿಗುವುದೇನಿತ್ತು? ವಿಸರ್ಜನೆಯಾದ ಸದನ ಮರಳಿ ಬರುವಂತಿರಲಿಲ್ಲ, ಹೋದ ಅಧಿಕಾರವೂ ಬರುವಂತಿರಲಿಲ್ಲ. ಆದರೂ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಗೆದ್ದರೂ ಏನೂ ಸಿಗದ ಮೊಕದ್ದಮೆಯನ್ನು ಐದು ವರ್ಷ ನಡೆಸುವುದಕ್ಕೆ ಒಂದೋ ಹಟ ಬೇಕು, ಇಲ್ಲವೇ ತತ್ವ ಬೇಕು. ಬೊಮ್ಮಾಯಿಯವರಲ್ಲಿ ಎರಡೂ ಇದ್ದವು ಎಂದು ತೋರುತ್ತದೆ.

ನಾಗಾಲ್ಯಾಂಡ್ ಮತ್ತು ಮೇಘಾಲಯದ ಪ್ರಕರಣಗಳೂ, 1992ರ ಡಿಸೆಂಬರ್ 6ರ ನಂತರ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಬಿಜೆಪಿ ಸರ್ಕಾರಗಳ ಪ್ರಕರಣಗಳೂ ಇದರೊಂದಿಗೆ ಸೇರಿದವು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಗೆ ಸೇರಿದ್ದು ಎಂದು ಹೇಳಿ ಆ ಮೂರು ರಾಜ್ಯಗಳ ವಜಾ ಕ್ರಮವನ್ನು ಎತ್ತಿಹಿಡಿಯಿತು. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್‌ಗಳಲ್ಲಿ ನಡೆದದ್ದು ಸಂವಿಧಾನಬಾಹಿರ ಎಂದಿತು. ರಾಷ್ಟ್ರಪತಿಗಳ ಘೋಷಣೆ ನ್ಯಾಯಾಲಯದ ವಿಮರ್ಶೆಗೆ ಅತೀತವಲ್ಲ. ಅದರ ಹಿಂದಿನ ಆಧಾರ ಸಾಮಗ್ರಿಯನ್ನು ನ್ಯಾಯಾಲಯ ನೋಡಬಹುದು ಎಂಬುದು ಒಂದು ಅಂಶ. ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸಬಾರದು, ಅಮಾನತಿನಲ್ಲಷ್ಟೇ ಇಡಬಹುದು ಎಂಬುದು ಇನ್ನೊಂದು. ಸಂಸತ್ತು ಒಪ್ಪದಿದ್ದರೆ ವಜಾ ಆದ ಸರ್ಕಾರಕ್ಕೆ ಮತ್ತೆ ಜೀವ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಬೊಮ್ಮಾಯಿ 1989ರ ಏಪ್ರಿಲ್ 20ರಂದು ರಾಜಭವನದಲ್ಲಿ ಹೇಳಿದ ಮಾತಿಗೇ ಸಂಬಂಧಿಸಿದ್ದು. ಸರ್ಕಾರಕ್ಕೆ ಬಹುಮತ ಇದೆಯೇ ಎಂಬುದು ರಾಜ್ಯಪಾಲರ ಅಥವಾ ರಾಷ್ಟ್ರಪತಿಗಳ ಖಾಸಗಿ ಅಭಿಪ್ರಾಯದ ವಿಷಯವಲ್ಲ, ಅದನ್ನು ಸದನದಲ್ಲಿ ಬಹಿರಂಗವಾಗಿ ತಿಳಿಯಬಹುದು ಮತ್ತು ಹಾಗೆಯೇ ತಿಳಿಯಬೇಕು ಎಂದು ಸರ್ವೋನ್ನತ ನ್ಯಾಯಾಲಯ ಹೇಳಿತು. ಹೈಕೋರ್ಟಿನ ನಿಲುವು ಬಿದ್ದುಹೋಯಿತು. ಬೊಮ್ಮಾಯಿಯವರಿಗೆ ಮಾತ್ರ ಏನೂ ಮರಳಿ ಬರಲಿಲ್ಲ. ಆ ವೇಳೆಗೆ ಬೇರೆ ಸದನ, ಬೇರೆ ಮುಖ್ಯಮಂತ್ರಿ, ವೀರಪ್ಪ ಮೊಯಿಲಿ.

ತೀರ್ಪು ಕಾಗದದಲ್ಲೇ ಉಳಿಯಲಿಲ್ಲ. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಸರ್ಕಾರವನ್ನು ವಜಾ ಮಾಡುವ ಕೇಂದ್ರ ಸಂಪುಟದ ಶಿಫಾರಸನ್ನು ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಮರುಪರಿಶೀಲನೆಗೆ ಹಿಂದಿರುಗಿಸಿದರು. ಬೊಮ್ಮಾಯಿ ಆಗ ಆ ಕೇಂದ್ರ ಸಂಪುಟದಲ್ಲೇ ಮಾನವ ಸಂಪನ್ಮೂಲ ಸಚಿವರು! ತಮ್ಮದೇ ಹೆಸರಿನ ತೀರ್ಪಿನ ಬಿಸಿ ತಮ್ಮದೇ ಸರ್ಕಾರಕ್ಕೆ ತಟ್ಟಿದ್ದನ್ನು ಅವರು ಒಳಗೆ ಕುಳಿತೇ ನೋಡಬೇಕಾಯಿತು. ಮರುವರ್ಷ ಫೆಬ್ರುವರಿಯಲ್ಲಿ ಅದೇ ರಾಜ್ಯದಲ್ಲಿ ರಾಜ್ಯಪಾಲರು ಕಲ್ಯಾಣ್ ಸಿಂಗ್ ಅವರನ್ನು ತೆಗೆದು ಜಗದಂಬಿಕಾ ಪಾಲ್ ಅವರನ್ನು ಕೂರಿಸಿದಾಗ, ಇಬ್ಬರ ಬಲವನ್ನೂ ಸದನದಲ್ಲೇ ಅಳೆಯಿರಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಕಲ್ಯಾಣ್ ಸಿಂಗ್ 225, ಪಾಲ್ 196. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಲೋಕಸಭೆಯಲ್ಲಿ ಒಂದೇ ಮತದಿಂದ ಬಿದ್ದಿತು. ಮೊಳಕೇರಿಯವರ ಪತ್ರಗಳು ರಾಜಭವನಕ್ಕೆ ಹೋದ ದಿನಕ್ಕೆ ಸರಿಯಾಗಿ ಹತ್ತು ವರ್ಷ. ಒಂದು ಮತದ ಅಂತರವಾದರೂ ಅದರ ಬಗ್ಗೆ ಯಾರೂ ಅನುಮಾನ ಪಡಲಿಲ್ಲ. ಎಲ್ಲರೂ ಕಣ್ಣಾರೆ ಕಂಡಿದ್ದರು.

ಉತ್ತರಾಖಂಡದ 2016ರ ಪ್ರಕರಣವಂತೂ ಬೊಮ್ಮಾಯಿ ಪ್ರಕರಣದ ಪಡಿಯಚ್ಚು. ಮಾರ್ಚ್ 28ಕ್ಕೆ ಸದನದಲ್ಲಿ ವಿಶ್ವಾಸ ಮತವಿತ್ತು. ಹಿಂದಿನ ದಿನವೇ ರಾಷ್ಟ್ರಪತಿ ಆಡಳಿತ ಬಂದಿತು. ಆ ರಾಜ್ಯದ ಹೈಕೋರ್ಟ್ ಅದನ್ನು ರದ್ದುಗೊಳಿಸಿದ್ದು ಏಪ್ರಿಲ್ 21ರಂದು. ಬೆಂಗಳೂರಿನ ಘೋಷಣೆಗೆ ಅಂದಿಗೆ 27 ವರ್ಷ ತುಂಬಿತ್ತು. ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಮೇ 10ರಂದು ಮತ ಪರೀಕ್ಷೆ ನಡೆದು ಹರೀಶ್ ರಾವತ್ 33–28ರಿಂದ ಉಳಿದರು. ಕರ್ನಾಟಕದಲ್ಲಿ 2018ರ ಮೇ ತಿಂಗಳಲ್ಲಿ ಬಿ. ಎಸ್. ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅದನ್ನು ಒಂದು ದಿನಕ್ಕೆ ಇಳಿಸಿತು. ಮೇ 19ರಂದು ಸದನದಲ್ಲಿ ಮಾತನಾಡಿದ ಯಡಿಯೂರಪ್ಪ, ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಘೋಷಿಸಿದರು.

ಇಷ್ಟು ಹೇಳಿ ಎಲ್ಲವೂ ಸರಿಹೋಯಿತು ಎಂದುಕೊಂಡರೆ ಅದು ಅರ್ಧಸತ್ಯ. ರಾಜಭವನದ ಬಾಗಿಲು ಕಿರಿದಾದಂತೆ ರಾಜಕೀಯ ಬೇರೆ ಬಾಗಿಲು ಹುಡುಕಿತು. ಪತ್ರ ಬರೆಯುವ ಬದಲು ಶಾಸಕರೇ ರಾಜೀನಾಮೆ ಕೊಟ್ಟು ಸದನದ ಸಂಖ್ಯೆಯನ್ನೇ ಕುಗ್ಗಿಸುವ ವಿದ್ಯೆ ಬಂದಿತು. 2019ರ ಜುಲೈನಲ್ಲಿ ಹಾಗೆ ರಾಜೀನಾಮೆ ಕೊಟ್ಟವರಲ್ಲಿ ಹಿರೇಕೆರೂರಿನ ಶಾಸಕ, ಚಲನಚಿತ್ರ ನಟ ಬಿ. ಸಿ. ಪಾಟೀಲರೂ ಒಬ್ಬರು. ಎಚ್. ಡಿ. ಕುಮಾರಸ್ವಾಮಿ ಮಂಡಿಸಿದ ವಿಶ್ವಾಸ ಮತದ ಚರ್ಚೆ ಜುಲೈ 18ರಿಂದ 23ರವರೆಗೆ ಎಳೆಯಿತು. ಮಾತಿಗೇನೂ ಕೊರತೆಯಿರಲಿಲ್ಲ, ಆದರೆ ಯಾರ ಮನವೊಲಿಸಲು ಆ ಮಾತು ಬೇಕಿತ್ತೋ ಅವರು ಸದನದಲ್ಲೇ ಇರಲಿಲ್ಲ. ಪರ 99, ವಿರುದ್ಧ 105, ಸರ್ಕಾರ ಬಿದ್ದಿತು. ಸಭಾಧ್ಯಕ್ಷರು ಪಾಟೀಲರೂ ಸೇರಿ 17 ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಪಾಟೀಲರು ಬಿಜೆಪಿಯಿಂದ ಗೆದ್ದು, ಮುಂದೆ ಸಚಿವರಾದರು. 2023ರಲ್ಲಿ ಹಿರೇಕೆರೂರಿನ ಮತದಾರರು ಅವರನ್ನು ಸೋಲಿಸಿ ಕಾಂಗ್ರೆಸ್ಸಿನ ಯು. ಬಿ. ಬಣಕಾರರನ್ನು ಆರಿಸಿದರು. 1994ರ ತೀರ್ಪು ಎಣಿಕೆಯನ್ನು ಸದನಕ್ಕೆ ತಂದಿತು ನಿಜ. ಎಣಿಕೆಗೆ ಮುಂಚಿನ ವಾದಕ್ಕೆ ಕಿವಿಗೊಡುವ ಸದಸ್ಯನನ್ನು ತರುವುದು ತೀರ್ಪಿನ ಕೈಯಲ್ಲಿರಲಿಲ್ಲ.

ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ 2008ರಲ್ಲಿ ಬಿಜೆಪಿ ಸೇರಿ ಶಿಗ್ಗಾವಿಯಿಂದ ಗೆದ್ದರು. 2013, 2018, 2023ರಲ್ಲೂ ಗೆದ್ದರು. 2021ರ ಜುಲೈ 28ರಂದು ಮುಖ್ಯಮಂತ್ರಿಯಾಗಿ 2023ರ ಮೇವರೆಗೆ ಅಧಿಕಾರದಲ್ಲಿದ್ದರು. ನಿಜಲಿಂಗಪ್ಪನವರ ನಂತರ ಶಿಗ್ಗಾವಿ ಕ್ಷೇತ್ರಕ್ಕೆ ದೊರೆತ ಎರಡನೆಯ ಮುಖ್ಯಮಂತ್ರಿ ಅವರು. 2024ರಲ್ಲಿ ಅವರು ಲೋಕಸಭೆಗೆ ಹೋದ ಮೇಲೆ ನಡೆದ ಉಪಚುನಾವಣೆಯಲ್ಲಿ ಅವರ ಮಗ ಭರತ್ ಸೋತರು, ಕಾಂಗ್ರೆಸ್ಸಿನ ಯಾಸೀರ್ ಅಹ್ಮದ್ ಖಾನ್ ಪಠಾಣ್ ಗೆದ್ದರು. ಸವಣೂರು ತಾಲ್ಲೂಕೂ ಇದೇ ಕ್ಷೇತ್ರಕ್ಕೆ ಸೇರಿದ್ದು.

ತಂದೆ ಬೊಮ್ಮಾಯಿ ಕೊನೆಯ ಹನ್ನೆರಡು ಸಂಸದೀಯ ವರ್ಷಗಳನ್ನು ಕಳೆದದ್ದು ರಾಜ್ಯಸಭೆಯಲ್ಲಿ. 1992ರಿಂದ 1998ರವರೆಗೆ ಒಡಿಶಾದಿಂದ, ನಂತರ 2004ರವರೆಗೆ ಕರ್ನಾಟಕದಿಂದ. 2007ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲಿ ನಿಧನರಾದರು. ಹಿಂದಿನ ದಿನವಷ್ಟೇ ಕರ್ನಾಟಕದಲ್ಲಿ ಮತ್ತೆ ರಾಷ್ಟ್ರಪತಿ ಆಡಳಿತ ಜಾರಿಯಾಗಿತ್ತು. ಜೆಡಿಎಸ್ ಅಧಿಕಾರ ಹಸ್ತಾಂತರಿಸಲಿಲ್ಲವೆಂದು ಬಿಜೆಪಿ ಬೆಂಬಲ ಹಿಂತೆಗೆದುಕೊಂಡು ಕುಮಾರಸ್ವಾಮಿ ಸರ್ಕಾರ ಹೋಗಿತ್ತು. ಈ ಬಾರಿ ವಿಧಾನಸಭೆಯನ್ನು ಕೂಡಲೇ ವಿಸರ್ಜಿಸಲಿಲ್ಲ. ಅಮಾನತಿನಲ್ಲಿಟ್ಟರು. ಒಂದು ತಿಂಗಳ ನಂತರ ಅದೇ ಸದನದ ಬಲದ ಮೇಲೆ ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು, ಒಂದು ವಾರದಲ್ಲಿ ಬಹುಮತ ಸಾಲದೆ ಇಳಿಯಿತು. ಅದಾದ ಮೇಲಷ್ಟೇ, ನವೆಂಬರ್ ಕೊನೆಯಲ್ಲಿ, ವಿಧಾನಸಭೆ ವಿಸರ್ಜನೆಯಾಯಿತು.